ಹುರಿದು ಕುಡಿದ ಬಹುಮತ

ಈ ಬರಹದಲ್ಲಿ ಲೋಪದೋಷಗಳು ಕಂಡುಬಂದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ತಿದ್ದಿಕೊಡಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ಕಾಫಿ ಕೊಳ್ಳುವ ಹೊರದೇಶದವರೂ ಕಾಫಿ ಕೊಯ್ಯುವ ನಾವೂ ಸಮಾನರು ಎಂದು ಸಾರುವ ಅಂತರರಾಷ್ಟ್ರೀಯ ಒಕ್ಕೂಟವೊಂದಕ್ಕೆ ಕಳಸದ ಕಡೆಯ ನಮ್ಮ ಎಸ್ಟೇಟು ಸೇರಿದೆ. ಅದರ ಸ್ಥಳೀಯ ಆಡಳಿತ ಸಮಿತಿಗೆ ನಾನು ಕಾರ್ಯದರ್ಶಿ. ಒಕ್ಕೂಟದ ನೆರವಿನಲ್ಲಿ ಕೊಯ್ಲಿನ ಜಾಗದ ಬಳಿ ಹೆಂಗಸರಿಗೆ ಶೌಚಾಲಯ ಕಟ್ಟಬೇಕೋ, ಗೇಟಿಗೆ ‘ಸಮಾನತೆಯ ಸ್ವಾಗತ ಕಮಾನು’ ಕಟ್ಟಬೇಕೋ ಎಂಬುದನ್ನು ಕಾರ್ಮಿಕರೇ ಗುಪ್ತ ಮತದಾನದಿಂದ ನಿರ್ಧರಿಸಬೇಕಾಗಿತ್ತು. ನನ್ನ ಅತ್ತೆ ಕೊಯ್ಲಿನ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಹೀಗಾಗಿ ಈ ಮತದಾನದಲ್ಲಿ ಮೋಸ ನಡೆಯಕೂಡದೆಂದು ನಾನು ಪಣ ತೊಟ್ಟೆ.

ನನ್ನ ಸಂಶಯವೆಲ್ಲ, ಕಮಾನಿನ ಪರವೆಂದು ನನಗೆ ತೋರುತ್ತಿದ್ದ ರೈಟರ್ ಶಂಕರಣ್ಣನವರ ಮೇಲೆ. ಎಸ್ಟೇಟಿನ ಹಾಜರಿ ಬರೆಯುವ ಅವರಿಗೆ ಎಲ್ಲರ ಕೈಬರಹವೂ ಗೊತ್ತು. ಚೀಟಿಯಲ್ಲಿ ಬರೆಸಿದರೆ ಮುಗಿಯಿತು! ಆದ್ದರಿಂದ ಕಾಳಿನ ಮತದಾನವನ್ನು ಜಾರಿಗೆ ತಂದೆ. ಶೌಚಾಲಯಕ್ಕೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬಿಳಿಯ ಪಾರ್ಚ್‌ಮೆಂಟ್ ಕಾಳು, ಕಮಾನಿಗೆ ಸಿಪ್ಪೆಸಮೇತ ಒಣಗಿದ ಕಪ್ಪು ಚೆರಿ. ಪ್ರತಿಯೊಬ್ಬರೂ ಮರೆಯಲ್ಲಿ ಮಡಕೆಗೆ ಒಂದೊಂದು ಹಾಕಿದರು.

“ಒಳ್ಳೆ ಉಪಾಯ ಮಾರಾಯ್ತಿ!” ಎಂದು ಶಂಕರಣ್ಣ ನಕ್ಕರು.

ಹೊಗಳಿದರೆಂದರೆ ಏನೋ ಇದೆ!

ಎಣಿಕೆ ಮರುದಿನ, ಹೊರದೇಶದ ಪ್ರತಿನಿಧಿಗಳ ಸಮಕ್ಷಮದಲ್ಲಿ. ಅಲ್ಲಿಯವರೆಗೆ ಮಡಕೆ ಗೋದಾಮಿನಲ್ಲಿ. ಗೋದಾಮಿನ ಕೀಲಿ ಶಂಕರಣ್ಣನವರ ಸೊಂಟದಲ್ಲಿ! ಸಂಜೆ ಅವರು ಬೀಗ ಹಾಕುವ ಮುನ್ನ ಮತಗಳನ್ನೆಲ್ಲ ನನ್ನ ಕೈಚೀಲಕ್ಕೆ ಸುರಿದುಕೊಂಡು, ಖಾಲಿ ಮಡಕೆಯ ಬಾಯಿಗೆ ಬಟ್ಟೆ ಬಿಗಿದೆ. ಕಾಫಿ ಕಾಳನ್ನು ಯಾರಿಗೂ ಅನುಮಾನ ಬಾರದಂತೆ ಎಲ್ಲಿ ಅಡಗಿಸಬಹುದು? ನಮ್ಮ ಅಡುಗೆಮನೆಯ ಕಾಫಿ ಡಬ್ಬಿಯಲ್ಲಿ! ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ. ಅತ್ತೆಗೂ ಹೇಳಲಿಲ್ಲ. ಶಂಕರಣ್ಣನವರ ತಂಗಿಯ ಜೊತೆ ಅವರಿಗೆ ಬಹಳ ಸಲಿಗೆ.

ಬೆಳಿಗ್ಗೆ ಗೋದಾಮಿಗೆ ಹೋಗಿ, ಯಾರಿಗೂ ಅನುಮಾನ ಬಾರದಿರಲೆಂದು ಖಾಲಿ ಮಡಕೆಯನ್ನು ಕಾವಲು ಕಾದೆ.

“ಅದನ್ನ ಯಾರೂ ಹೊತ್ಕೊಂಡು ಹೋಗಲ್ಲ, ಕೂತ್ಕೊ ಮಾರಾಯ್ತಿ,” ಎಂದರು ಶಂಕರಣ್ಣ.

ನಾನು ಕೂರಲಿಲ್ಲ. ಪ್ರತಿನಿಧಿಗಳು ಬರುವ ಹೊತ್ತಾಯಿತೆಂದು ನಿಜವಾದ ಮತಗಳನ್ನು ತರಲು ಮನೆಗೆ ಓಡಿದೆ. ಅಂಗಳದಲ್ಲಿ ಜೀಪು! ಜಗಲಿಯಲ್ಲಿ, ಕಾರ್ಯದರ್ಶಿಯ ಮನೆಗೇ ಮೊದಲು ಬಂದಿಳಿದ ಪ್ರತಿನಿಧಿಗಳು! ಅವರ ಕೈಯಲ್ಲಿ ಹಬೆಯಾಡುವ ಲೋಟಗಳು!

“ಅತ್ತೆ, ಡಬ್ಬಿಯಲ್ಲಿದ್ದ ಕಾಳು?”

“ಪುಡಿ ಮುಗಿದಿತ್ತು ಕಣೆ. ಅಷ್ಟು ದೂರದಿಂದ ಬಂದವ್ರಿಗೆ ಬರೀ ನೀರು ಕೊಡಕ್ಕಾಗುತ್ತಾ? ಕುಟ್ಟಿ, ಕೇರಿ, ಹುರಿದು ಪುಡಿ ಮಾಡ್ದೆ. ಯಾರೋ ಬುದ್ಧಿ ಇಲ್ಲದವ್ರು ಚೆರಿನೂ ಪಾರ್ಚ್‌ಮೆಂಟೂ ಬೆರೆಸಿಟ್ಟಿದ್ರು!”

“ಅದು ಓಟು, ಅತ್ತೆ!”

“ಅಯ್ಯೋ! ನನ್ನದೂ ಅದ್ರಲ್ಲೇ ಇತ್ತಾ?”

ಬಹುಮತವೂ ಅಲ್ಪಮತವೂ ಹಾಲು ಸಕ್ಕರೆ ಸಮೇತ ಅಂತರರಾಷ್ಟ್ರೀಯ ಮಟ್ಟವನ್ನು ತಲುಪಿದ್ದವು. ಒಬ್ಬರಂತೂ ದುಭಾಷಿಯ ಮೂಲಕ ಇನ್ನೊಂದು ಲೋಟ ಕೇಳಿದರು.

ಗೋದಾಮಿನ ಮುಂದೆ ಎಲ್ಲರೂ ಸೇರಿದಾಗ ನಡೆದದ್ದನ್ನು ನಾನೇ ನಿವೇದಿಸಿದೆ. ಮತಗಳನ್ನು ಅಪಹರಿಸಿದವರು ಕಾರ್ಯದರ್ಶಿ; ನಾಶಪಡಿಸಿದವರು ಕಾರ್ಯದರ್ಶಿಯ ಅತ್ತೆ; ಸೇವಿಸಿದವರು ವೀಕ್ಷಕರು! ಬೇರೆ ದಾರಿ ಕಾಣದೆ, ಎಲ್ಲರ ಒಪ್ಪಿಗೆ ಪಡೆದು, ಕೈ ಎತ್ತಿಸುವುದೆಂದಾಯಿತು. “ಶೌಚಾಲಯ?” ಎಂದು ದುಭಾಷಿ ಕೇಳಿದೊಡನೆ ಮೊದಲು ಮೇಲೆದ್ದ ಕೈ ಶಂಕರಣ್ಣನವರದು.

“ನನ್ನ ತಂಗಿನೂ ಕೊಯ್ಲಿಗೆ ಹೋಗ್ತಾಳಲ್ಲ. ಕಮಾನಿನ ಹಿಂದೆ ಹೋಗಿ ಕೂರಕ್ಕಾಗುತ್ತಾ?”

ನಗುವಿನ ನಡುವೆ ಎಲ್ಲ ಕೈಗಳೂ ಮೇಲೆದ್ದವು. ಕಮಾನಿಗೆ ಒಂದೂ ಇಲ್ಲ; ಕಪ್ಪು ಚೆರಿ ಹಾಕಿದ್ದವರೂ ಮನಸ್ಸು ಬದಲಿಸಿದ್ದರು! ಇಷ್ಟು ದಿನ ನಾನು ಹುಡುಕುತ್ತಿದ್ದ ಸಂಚುಗಾರರು ಇದ್ದದ್ದು ಒಬ್ಬರೇ. ಅವರು ಪದವೀಧರೆ.

ಒಕ್ಕೂಟದ ಆಡಳಿತ ನಿಯಮಗಳಿಗೆ ಈಗ ಹೊಸ ಕಲಮು ಸೇರಿದೆ: “ಮತದಾನಕ್ಕೆ ಹುರಿಯಬಹುದಾದ ಯಾವುದೇ ವಸ್ತುವನ್ನು ಬಳಸತಕ್ಕದ್ದಲ್ಲ.” ನನ್ನಿಂದಾಗಿ ಇದನ್ನು ಯಾವ ಯಾವ ದೇಶದವರು ಓದುತ್ತಿದ್ದಾರೋ!

ಶೌಚಾಲಯ ಎದ್ದು ನಿಂತಿದೆ. ಅತ್ತೆ ಈಗ ಕೊಯ್ಲಿಗೆ ಹೊರಡುವಾಗ ನೀರಿನ ಬಾಟಲಿ ಒಯ್ಯುತ್ತಾರೆ. ಸಂಜೆ ಅದು ಖಾಲಿಯಾಗಿ ಮನೆಗೆ ಬರುತ್ತದೆ. ಕಾಫಿ ಡಬ್ಬಿಗೆ ಬೀಗ ಬಿದ್ದಿದೆ.

ಕೀಲಿ ನನ್ನ ಬಳಿ ಇಲ್ಲ.