ಇರುವೆ ಹತ್ತಿದ ವಲ್ಲಿ

ದೇವರು ಕೆಲವರಿಗೆ ಮೂಗನ್ನು ಉಸಿರಾಡಲಿಕ್ಕಷ್ಟೇ ಕೊಟ್ಟಿರುತ್ತಾನೆ. ನಾನು ಆ ಪೈಕಿ. ವರ್ಷಗಟ್ಟಲೆ ನಶ್ಯ ಏರಿಸಿ ಏರಿಸಿ ನನ್ನ ಮೂಗು ಕೆಲಸ ಬಿಟ್ಟು ಪಿಂಚಣಿಗೆ ಕೂತಿದೆ. ಒಮ್ಮೆ ಒಲೆಯ ಮೇಲೆ ಹಾಲು ಹೊತ್ತಿ ಓಣಿಯವರೆಲ್ಲ ಓಡಿ ಬಂದರೆ, ಒಲೆಯ ಪಕ್ಕದಲ್ಲೇ ಕೂತಿದ್ದ ನಾನು "ಯಾಕ್ರಿ, ಏನಾತು?" ಎಂದು ಅವರನ್ನೇ ಕೇಳಿದೆ. ಇಂಥವನಿಗೆ ವಾಸನೆಯ ಬಗ್ಗೆ ಕುತೂಹಲ ಹುಟ್ಟಿತೆಂದರೆ ಗ್ರಹಚಾರವೇ ಸರಿ.

ಕನ್ನಡದ ಸೀಮೆಗಳೆಲ್ಲ ಒಂದಾಗುವ ಹಿಂದಿನ ದಿನ ಅದು. ಮರುದಿನ ಬೆಳಿಗ್ಗೆ ಬೆಟಗೇರಿಯ ನಮ್ಮ ಓಣಿಯಲ್ಲಿ ಝೇಂಡಾ ಏರಿಸಿ ಎಲ್ಲರಿಗೂ ಶೇಂಗಾ ಉಂಡಿ ಹಂಚುವುದಿತ್ತು. ಉಂಡಿ ಕಟ್ಟುವ ಹೊಣೆಯನ್ನು ಓಣಿಯ ಹಿರಿಯ ನಿಂಗಪ್ಪಜ್ಜ ನನ್ನ ಹೆಂಡತಿ ಶಾಂತವ್ವನಿಗೆ ಒಪ್ಪಿಸಿದ್ದ. ನನಗೆ ಏನನ್ನೂ ಒಪ್ಪಿಸಿರಲಿಲ್ಲ. ಹತ್ತಿ ಅಂಗಡಿಯ ಗುಮಾಸ್ತನಾದ ನನಗೆ ಏಕೀಕರಣದ ಮೆರವಣಿಗೆಯಲ್ಲಿ ಕೂಗಲು ಹೋದರೆ ಗಂಟಲು ಕಟ್ಟುತ್ತದೆ. ಅಜ್ಜ ಮಾತ್ರ ಅದಕ್ಕೆ ಬೇರೆಯೇ ಅರ್ಥ ಹಚ್ಚಿ, "ಇಂವಗ ಮುಂಬೈ ಸರ್ಕಾರಾನ ಸೇರ್ತೈತಿ. ಅಭಿಮಾನ ಅನ್ನೂದು ಎಳ್ಳಷ್ಟೂ ಇಲ್ಲ" ಎಂದು ಕಟ್ಟೆಯ ಮೇಲೆ ಕೂತು ಸಾರಿಬಿಟ್ಟಿದ್ದ. ನನಗೆ ಬಹಳ ಕೆಟ್ಟೆನಿಸಿತ್ತು. ಆದರೆ ಅಭಿಮಾನವನ್ನು ಅಂಗಿ ಬಿಚ್ಚಿ ತೋರಿಸಲು ಬರುತ್ತದೆಯೇ?

ಸಂಜೆ ಉಂಡಿಗಳು ದೊಡ್ಡ ಡಬ್ಬಿ ತುಂಬಿ ಕೂತವು. ಅಷ್ಟರಲ್ಲಿ ಅಡುಗೆಮನೆಯ ಗೋಡೆಯ ಮೇಲೆ ಕೆಂಪಿರುವೆಗಳ ಸಾಲು ಕಂಡಿತು. ಚಹಾಕ್ಕೆ ಬಂದಿದ್ದ ನನ್ನ ಗೆಳೆಯ ಹುಸೇನ ಮಾಸ್ತರರು ಸಾಲಿಯಲ್ಲಿ ವಿಜ್ಞಾನ ಕಲಿಸುವವರು. ಇರುವೆ ಕಂಡದ್ದೇ ಪಾಠಕ್ಕೆ ನಿಂತುಬಿಟ್ಟರು.

"ಇವು ಮಾತಾಡೂದು ವಾಸನಿಲೆ. ತಿನ್ನಾಕ ಏನರ ಸಿಕ್ಕ ಇರುವಿ ಹೊಟ್ಟಿ ನೆಲಕ್ಕ ತಿಕ್ಕಿಕೋತ ಹೊಳ್ಳಿ ಬರ್ತೈತಿ. ಆ ವಾಸನಿ ಹಿಡದು ಉಳಿದವು ಹೊಂಡ್ತಾವ. ಒಂದು ಗೂಡಿನವಕ್ಕೆಲ್ಲಾ ಒಂದ ವಾಸನಿ. ಬ್ಯಾರೆ ಗೂಡಿನದು ಬಂದ್ರ ಮೀಸಿಲೆ ಮುಟ್ಟಿ ನೋಡಿ ಹೊರಗ ಹಾಕ್ತಾವ."

"ಗೊತ್ತದ ಬಿಡ್ರಿ," ಎಂದಳು ಶಾಂತವ್ವ. "ಲಕ್ಷ್ಮೇಶ್ವರದಿಂದ ನಾ ಸೊಸಿಯಾಗಿ ಬಂದಾಗ ಈ ಮನ್ಯಾಗೂ ಹಂಗ ಮೂಸಿ ನೋಡಿದ್ರು."

ಅವಳು ಹೇಳಿದ್ದು ಖರೆ. ನಮ್ಮ ಲಗ್ನವಾದಾಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಶಿರಹಟ್ಟಿ ಸಾಂಗಲಿಗೆ, ನಾವು ಮುಂಬೈ ಇಲಾಖೆಗೆ. ಪರರಾಜ್ಯದ ಹುಡುಗಿ ಎಂದು ನಮ್ಮವ್ವ ಅವಳ ಸಾರನ್ನು ವರ್ಷವೆಲ್ಲ ಅನುಮಾನದಿಂದಲೇ ಉಂಡಿದ್ದಳು.

ಮಾಸ್ತರರು ಹೋದದ್ದೇ ನನ್ನ ಕೈ ಸುಮ್ಮನಿರಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಆ ಸಾಲಿನ ನಡುವೆ ಒಂದು ಗೇಣಿನಷ್ಟು ಒರೆಸಿದೆ. ಅಬ್ಬಾ! ಆಚೆಯವು ಆಚೆ, ಈಚೆಯವು ಈಚೆ ಗಕ್ಕನೆ ನಿಂತವು. ಸಂತೆಯಲ್ಲಿ ತಾಯಿಯ ಸೆರಗು ತಪ್ಪಿದ ಮಕ್ಕಳ ಹಾಗೆ ಗಾಬರಿಯಿಂದ ಸುತ್ತತೊಡಗಿದವು. ಕಣ್ಣಿಗೆ ಕಾಣದ, ನನ್ನ ಮೂಗಿಗಂತೂ ಸಿಗದ ಒಂದು ರಸ್ತೆ ಗೋಡೆಯ ಮೇಲೆ ಇತ್ತೆಂದು ನನಗೆ ಪರಮಾಶ್ಚರ್ಯವಾಯಿತು. ಇಡೀ ಗೋಡೆಯನ್ನು ಆಸೆಯಿಂದ ಒರೆಸಿ ಹಾಕಿದೆ. ಡಬ್ಬಿಯ ಮುಚ್ಚಳ ಕೂರುತ್ತಿಲ್ಲ, ಒಂದು ಅರಿವೆ ಕೊಡ್ರಿ ಎಂದಳು ಶಾಂತವ್ವ. ನಾನು ದೊಡ್ಡ ಮನಸ್ಸು ಮಾಡಿ ಅದೇ ವಲ್ಲಿಯನ್ನು ಡಬ್ಬಿಯ ಬಾಯಿಗೆ ಬಿಗಿದು ಕಟ್ಟಿದೆ.

ಬೆಳಿಗ್ಗೆ ಅವಳ ಕೂಗಿಗೇ ಎಚ್ಚರವಾಯಿತು. ಡಬ್ಬಿ ಕೆಂಪಗಾಗಿತ್ತು. ಗೋಡೆಯ ಮೇಲಿನ ರಸ್ತೆಯನ್ನೆಲ್ಲ ಸುತ್ತಿ ಮಡಚಿ ನಾನೇ ಡಬ್ಬಿಗೆ ಕಟ್ಟಿದ್ದೆನಲ್ಲ!

"ಊರಿಗೂರು ಒಂದಾಗೂ ದಿವಸ ಲಕ್ಷ್ಮೇಶ್ವರದಾಕಿ ಇರುವಿ ಉಂಡಿ ತಿನಿಸಿದ್ಲು ಅಂತಾರ. ನನ್ನ ಮಾನ ಕಳದ್ರಿ ನೀವು!" ಎಂದು ಕಣ್ಣೀರು ತೆಗೆದಳು. ನಾನು ಗಂಟು ಬಿಚ್ಚಿ ನೋಡಿದರೆ, ಒಳಗೆ ಒಂದೇ ಒಂದು ಇರುವೆಯಿಲ್ಲ! ವಲ್ಲಿ ದಪ್ಪ, ಗಂಟು ಬಿಗಿ. ಎಲ್ಲವೂ ವಲ್ಲಿಯ ಮೇಲೇ ದಾರಿ ಹುಡುಕುತ್ತ ಬೆಳಗು ಮಾಡಿದ್ದವು. ಶಾಂತವ್ವ ಕಣ್ಣೊರೆಸಿಕೊಂಡು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಹಿತ್ತಲಿನಲ್ಲಿ ವಲ್ಲಿ ಜಾಡಿಸಿದೆ. ಹೊರಗೆ ಹಲಗೆ ವಾದ್ಯದ ಬಡಿತ ಸುರುವಾಗಿತ್ತು. ಬರಿ ಹೆಗಲಲ್ಲಿ ನಾಲ್ಕು ಮಂದಿಯ ನಡುವೆ ನಿಲ್ಲುವುದು ನಮ್ಮ ಕಡೆ ಗಂಡಸಿಗೆ ಮರ್ಯಾದೆಯಲ್ಲ. ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ.

ಝೇಂಡಾ ಏರಿತು, ಜನ ಜೈ ಎಂದರು. ಅದೇ ಹೊತ್ತಿಗೆ ಬೆನ್ನಲ್ಲಿ ಚುಳ್ಳೆಂದಿತು. ಆಮೇಲೆ ಕಂಕುಳಲ್ಲಿ. ಆಮೇಲೆ ಹೇಳಲಾಗದ ಕಡೆ. ನಾನು ಎರಡೂ ಕೈ ಎತ್ತಿ ಮಾರುದ್ದ ಜಿಗಿದೆ. ಇನ್ನೊಮ್ಮೆ ಜಿಗಿದೆ. "ಅಯ್ಯಯ್ಯೋ" ಎಂದು ಕೂಗಿದ್ದು ಆ ಗದ್ದಲದಲ್ಲಿ ಜೈಕಾರವಾಗಿಯೇ ಕೇಳಿರಬೇಕು. ನಿಂಗಪ್ಪಜ್ಜ ದಂಗಾಗಿ ನೋಡಿದ. ಅವನ ಕಣ್ಣು ತುಂಬಿ ಬಂತು.

"ತಪ್ಪು ತಿಳದಿದ್ನೋ ಮಗನ! ನಿನ್ನೊಳಗ ಇಷ್ಟು ಅಭಿಮಾನ ಐತಂತ ಗೊತ್ತಿರಲಿಲ್ಲಲೇ!" ಎಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡ.

ಸ್ವಲ್ಪ ಹೊತ್ತಿಗೆ ಅಜ್ಜನೂ ಕುಣಿಯತೊಡಗಿದ. ಅಜ್ಜನೇ ಕುಣಿದ ಮೇಲೆ ಓಣಿ ಬಿಡುತ್ತದೆಯೇ? ಹಲಗೆಯವನು ಹುರುಪಿನಿಂದ ಬಡಿದ, ಎಲ್ಲರೂ ಕುಣಿದರು. ಯಾರು ಖುಷಿಗೆ ಕುಣಿದರೋ, ಯಾರು ಇರುವೆಗೆ ಕುಣಿದರೋ ಇಂದಿಗೂ ತಿಳಿಯದು. ಉಂಡಿ ಹಂಚುತ್ತಿದ್ದ ಶಾಂತವ್ವನೊಬ್ಬಳಿಗೆ ಗೊತ್ತು. ಸೆರಗು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದಳು.

ಒಂದು ಮಾತು ಹೇಳಬೇಕು. ಆ ದಿನ ನನಗೆ ಸಂತೋಷವಾಗಿತ್ತು, ಬಹಳವೇ ಆಗಿತ್ತು. ಇರುವೆ ಕಡಿಯುವುದು ನಿಂತ ಮೇಲೂ ನಾನು ಕುಣಿಯುತ್ತಲೇ ಇದ್ದೆ.