ಸಂಕದ ಮೇಲೆ ನಿಂತೇ ಇರುವ ಅಣ್ಣ

ಕ್ರಿಕೆಟ್ಟಿನ ವಿರುದ್ಧ ಮಾತಾಡಿ ನೆಮ್ಮದಿಯಿಂದ ಇರುವವರನ್ನು ನಾನು ಇದುವರೆಗೆ ಕಂಡಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಆಟದ ಮೇಲೆ ದ್ವೇಷವಿಲ್ಲ. ಆಡುವವರು ಆಡಲಿ, ಆಡುವಷ್ಟು ಹೊತ್ತು ಟೀವಿಯವರು ತೋರಿಸಲಿ. ನನ್ನ ತಕರಾರು ಇರುವುದು ಯಾರೂ ಆಡದ ಹೊತ್ತಿನ ಬಗ್ಗೆ. ಆಟ ಶುರುವಾಗುವ ಮೊದಲು ಕೋಟು ಹಾಕಿದ ನಾಲ್ಕು ಜನ ಕೂತು ಇಂದು ಏನಾಗಬಹುದು ಎಂದು ಚರ್ಚಿಸುತ್ತಾರೆ. ಮುಗಿದ ಮೇಲೆ ಅದೇ ನಾಲ್ವರು ಅದೇ ಕೋಟಿನಲ್ಲಿ ಕೂತು ಹಾಗೇಕೆ ಆಗಲಿಲ್ಲ ಎಂದು ಚರ್ಚಿಸುತ್ತಾರೆ. ನಡುವೆ ಒಬ್ಬ ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಕೀಲಿಕೈ ಚುಚ್ಚಿ ನೋಡುತ್ತಾನೆ. ನಮ್ಮ ಕುಮಟಾ ಕಡೆಯ ಹುಡುಗರು ಕಬಡ್ಡಿ ಆಡಿ ಮೊಣಕಾಲು ಒಡೆದುಕೊಂಡರೆ ಅವರಿಗೆ ಸಿಗುವುದು ಒಂದು ಪಟ್ಟಿ, ಮನೆಯಲ್ಲಿ ಬೈಗುಳ. ಟೀವಿ ಅವರತ್ತ ತಿರುಗಿಯೂ ನೋಡುವುದಿಲ್ಲ. ಹೋಗಲಿ, ಹುಡುಗರಿಗೆ ಮುಂದೆ ಕಾಲವಿದೆ. ನನ್ನ ಅಬ್ಬೆಗೆ ಬೇಕಾಗಿದ್ದದ್ದು ಒಂದೇ ಒಂದು ಹಾಡಿನಷ್ಟು ಹೊತ್ತು.

ಅಬ್ಬೆ ಹಿರೇಗುತ್ತಿಯಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಮೊದಲು ಗದ್ದೆ ನೆಟ್ಟಿಯ ದಿನಗಳಲ್ಲಿ ಅವಳು ಹಾಡು ಎತ್ತಿಕೊಟ್ಟರೆ ಸಾಲಿನಲ್ಲಿ ಬಗ್ಗಿದ ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು. ಈಗ ಆ ಸಾಲಿನಲ್ಲಿ ಉಳಿದವಳು ಅವಳೊಬ್ಬಳೇ. ಅವಳ ಹಾಡುಗಳಲ್ಲಿ ಒಂದು, ಗಂಡನ ಮನೆಯಲ್ಲಿ ಬಳಲಿದ ತಂಗಿಯನ್ನು ಅಣ್ಣ ಕರೆದೊಯ್ಯಲು ಬರುವ ಹಾಡು. ಅಣ್ಣ ಬೆಟ್ಟ ಇಳಿಯುತ್ತಾನೆ, ಹಳ್ಳದ ದಂಡೆಗೆ ಬರುತ್ತಾನೆ, ತಂಗಿ ಅಂಗಳದಲ್ಲಿ ನಿಂತು ನೋಡುತ್ತಿರುವಾಗ ಹಳ್ಳ ದಾಟಲು ಅಡ್ಡ ಹಾಕಿದ ಮರದ ಸಂಕದ ಮೇಲೆ ಕಾಲಿಡುತ್ತಾನೆ. ಅಲ್ಲಿಂದ ಮುಂದೆ ಏನಾಯಿತೋ ನನಗೆ ಗೊತ್ತಿಲ್ಲ. ಯಾಕೆಂದರೆ ಹಾಡು ಸಂಕದ ಹತ್ತಿರ ಬರುವ ಹೊತ್ತಿಗೆ ಗದ್ದೆಯವರಿಗೆ ಚಾ ಬೇಕಾಗುತ್ತಿತ್ತು, ತರಲು ಮನೆಗೆ ಓಡಬೇಕಾದವಳು ನಾನೇ. ಕಿಟ್ಲಿ ಹಿಡಿದು ಮರಳುವಾಗ ಬೇರೆ ಹಾಡು ನಡೆದಿರುತ್ತಿತ್ತು. ದೊಡ್ಡವಳಾದ ಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಗದ್ದೆಗೆ ಇಳೀದೆ ಎಂತ ನೆಟ್ಟಿ ಹಾಡೇ?" ಎಂದು ಅಬ್ಬೆ ಮಾತು ತೇಲಿಸಿಬಿಡುತ್ತಾಳೆ.

ಹೀಗಿರುವಾಗ ಒಂದು ಕನ್ನಡ ಚಾನೆಲ್ಲಿನವರು ಹಿರೇಗುತ್ತಿಗೆ ಬಂದು ಅವಳನ್ನು ಗದ್ದೆಗೆ ಇಳಿಸಿ ಈ ಹಾಡನ್ನೇ ಹಾಡಿಸಿಕೊಂಡು ಹೋದರು. ನಾನು ಆಗ ಕುಮಟೆಯಲ್ಲಿ ಆಫೀಸಿನಲ್ಲಿದ್ದೆ. ಅವರು ಚೂರು ಹಾಡಿದರೆ ಸಾಕು ಎಂದರಂತೆ. "ಹಾಡು ಅಂದ್ರೆ ನಲ್ಲಿ ನೀರಾ? ಬೇಕಂದಾಗ ಬಿಟ್ಟು ಸಾಕಂದಾಗ ನಿಲ್ಸೂಕೆ?" ಎಂದು ಅಬ್ಬೆ ಗದರಿದಳಂತೆ. ನೆಟ್ಟಿ ಹಾಡನ್ನು ನಡು ಬಿಡಬಾರದು, ಬಿಟ್ಟರೆ ಗದ್ದೆಗೆ ಒಳ್ಳೆಯದಲ್ಲ ಎಂಬುದು ಅವಳ ನಂಬಿಕೆ. ಚಾನೆಲ್ಲಿನವರು ಬಿಸಿಲಲ್ಲಿ ಬೆವರುತ್ತ ಪೂರ್ತಿ ಹಾಡು ಹಿಡಿದುಕೊಂಡರು. ಸುದ್ದಿ ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೊನೆಗೂ ಅಣ್ಣ ಸಂಕ ದಾಟುವುದನ್ನು ಕೇಳುತ್ತೇನೆ ಎಂದುಕೊಂಡೆ.

ಭಾನುವಾರ ಸಂಜೆ ಹಾಡು ಬರುತ್ತದೆ ಎಂದು ಫೋನು ಬಂತು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಯಾವ ಒಳ್ಳೆಯ ಕೆಲಸವಿದ್ದರೂ ಬನ್ನಿ ಎಂದು ಮನೆಮನೆಗೆ ಹೇಳಿಕೆ ಹೋಗಬೇಕು. ಮದುವೆಯಾದರೂ ಅಷ್ಟೆ, ಸತ್ಯನಾರಾಯಣ ಪೂಜೆಯಾದರೂ ಅಷ್ಟೆ. ಊಟ ಕೆಟ್ಟರೆ ಜನ ಮರೆಯುತ್ತಾರೆ, ಹೇಳಿಕೆ ತಪ್ಪಿದರೆ ಮರೆಯುವುದಿಲ್ಲ. ಹೊನ್ನಾವರದಲ್ಲಿರುವ ನಮ್ಮ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ನಾವು ಮನೆಗೆ ಬೋರು ತೆಗೆಸಿದಾಗ ಹೇಳಲಿಲ್ಲವೆಂದು ಇಂದಿಗೂ ನಮ್ಮ ಮನೆಯಲ್ಲಿ ನೀರು ಕುಡಿಯುವ ಮೊದಲು ಲೋಟವನ್ನು ಒಮ್ಮೆ ದಿಟ್ಟಿಸಿ ನೋಡುತ್ತಾರೆ. ಹಾಗಾಗಿ ನಾನು ಹೊನ್ನಾವರಕ್ಕೆ ಹೋಗಿ ಅತ್ತಿಗೆಗೆ ಹೇಳಿದೆ. ಓಣಿಯವರಿಗೆಲ್ಲ ಹೇಳಿದೆ. ಭಟ್ಕಳದಿಂದ ದಿನಾ ರೈಲಿನಲ್ಲಿ ನಮ್ಮ ಆಫೀಸಿಗೆ ಬರುವ ಗೆಳತಿ ಜುಬೇದಾಳಿಗೂ ಹೇಳಿದೆ.

ಭಾನುವಾರ ಎಲ್ಲರೂ ಬಂದರು. ಅಬ್ಬೆ ಮದುವೆಮನೆಗೆ ಉಡುವ ಸೀರೆ ಉಟ್ಟು ಹಿರೇಗುತ್ತಿಯ ಬಸ್ಸಿನಿಂದ ಇಳಿದಳು. ಜುಬೇದಾ ಡಬ್ಬಿ ತುಂಬ ಹಲ್ವಾ ತಂದಳು. ನಾನು ಅವಲಕ್ಕಿ ಕಲಸಿ ಟೀವಿ ಹಚ್ಚಿದೆ. ಕ್ರಿಕೆಟ್ಟು ಬರುತ್ತಿತ್ತು. ಆ ಚಾನೆಲ್ಲಿನವರು ಆ ವಾರದಿಂದಲೇ ಆಟವನ್ನು ಕನ್ನಡದ ವಿವರಣೆಯೊಂದಿಗೆ ತೋರಿಸಲು ಶುರುಮಾಡಿದ್ದರು. ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಕಾದೆವು. ಆಟ ಮುಗಿದ ಮೇಲೆ ಕೋಟಿನವರು ಬಂದರು. ಕೋಟಿನವರು ಮುಗಿಸುವ ಮೊದಲೇ ಅವಲಕ್ಕಿ ಮುಗಿದಿತ್ತು. "ಇವರೆಲ್ಲ ಯಾರೇ? ನಮ್ಮ ತಾಲೂಕಿನವರಾ?" ಎಂದು ಅಬ್ಬೆ ಕೇಳಿದಳು. ನನಗೆ ಅಳು ಬಂತು. ಅತ್ತಿಗೆ ಎದ್ದು ನಿಂತು, "ಹೇಳಿಕೆ ಕೊಡುಕಿಂತ ಮೊದ್ಲು ಒಂದ್ಸಲ ವಿಚಾರಿಸೂದಲ್ವೇ?" ಎಂದು ಹೊರಟುಹೋದರು.

ಮುಂದಿನ ಭಾನುವಾರವೂ ಫೋನು, ಹೇಳಿಕೆ, ಅವಲಕ್ಕಿ, ಕ್ರಿಕೆಟ್ಟು. ಅದರ ಮುಂದಿನ ಭಾನುವಾರವೂ ಹಾಗೆಯೇ. ಜನ ಮಾತ್ರ ತಪ್ಪದೆ ಬಂದರು, ಈಗ ಅವರು ಬರುತ್ತಿದ್ದದ್ದು ಆಟ ನೋಡಲು. ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾರದ್ದು ಅಬ್ಬೆಯಲ್ಲಾದ ಬದಲಾವಣೆ. ನಮ್ಮ ಮನೆಯವರು ಸ್ವಭಾವತಃ ಸಾಧು, ಆದರೆ ಕ್ರಿಕೆಟ್ಟೆಂದರೆ ಅನ್ನ ಬಿಡುವವರು. ಕಾಯುವ ಹೊತ್ತಿನಲ್ಲಿ ಅವರು ಅತ್ತೆಯ ಪಕ್ಕ ಕೂತು ಒಂದೊಂದಾಗಿ ಎಲ್ಲ ಹೇಳಿಕೊಟ್ಟಿದ್ದರು. ಎರಡನೆಯ ವಾರ ಅಬ್ಬೆ, "ಅಳಿಯೋರೆ, ಮೊನ್ನಿನ ಆ ಉದ್ದದವ ಇವತ್ತು ಬರ್ಲಿಲ್ವಾ?" ಎಂದಳು. ಮೂರನೆಯ ವಾರ, ಕೀಲಿಕೈ ಚುಚ್ಚುವವನನ್ನು ನೋಡಿ, "ಇಷ್ಟು ಬಿರುಕು ಬಿಟ್ಟ ಗದ್ದೆ! ಒಂದು ನೀರು ಬಿಡೂಕೆ ಎಂತ ಧಾಡಿ ಇವರಿಗೆ?" ಎಂದು ಮರುಗಿದಳು. ನಾನು ಅವಳ ಹಾಡಿನ ಮಾತೆತ್ತಿದೆ. "ಸುಮ್ನೆ ಕೂತ್ಕಳೇ ನಾಗೀ, ಚೆಂಡು ಹಾಕ್ತಾ ಇದ್ದಾನೆ" ಎಂದಳು. ನಾನು ಯಾರಿಗಾಗಿ ಜಗಳಕ್ಕೆ ನಿಂತಿದ್ದೆನೋ ಅವರೇ ಎದುರು ಪಕ್ಷಕ್ಕೆ ಸೇರಿದ ಮೇಲೆ ನಾನು ಯಾರ ಮುಂದೆ ಗೋಳು ಹೇಳಿಕೊಳ್ಳಲಿ?

ನಾಲ್ಕನೆಯ ಭಾನುವಾರ ಫೋನು ಬರಲಿಲ್ಲ. ನಾನು ಯಾರಿಗೂ ಹೇಳಿಕೆ ಕೊಡಲಿಲ್ಲ. ಅಬ್ಬೆ ಮಾತ್ರ ಬಂದಿದ್ದಳು, ಆಟಕ್ಕಾಗಿ. ನಾನು ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದಾಗ ಆಟ ನಡೆಯುವ ಊರಿನಲ್ಲಿ ಮಳೆ ಬಂತು. ಮೈದಾನಕ್ಕೆ ಹೊದಿಕೆ ಹಾಸಿದರು. ಮಳೆಯನ್ನೇ ಎಷ್ಟು ಹೊತ್ತು ತೋರಿಸುವುದು? ಚಾನೆಲ್ಲಿನವರು ಕೈಗೆ ಸಿಕ್ಕಿದ್ದನ್ನು ಹಚ್ಚಿದರು. "ಏ, ಬೇಗ ಬಾ! ಅತ್ತೆ ಟೀವಿಲಿ ಬಂದ್ರು!" ಎಂದು ಮನೆಯವರು ಕೂಗಿದರು.

ನಾನು ಓಡಿಬಂದೆ. ಟೀವಿಯಲ್ಲಿ ಅಬ್ಬೆ ಗದ್ದೆಗೆ ಇಳಿಯುತ್ತಿದ್ದಳು, ಬಾಯಿ ಇನ್ನೂ ತೆರೆದಿರಲಿಲ್ಲ. ನಾನು ನೆಟ್ಟಗೆ ಕೂತು ಕೇಳಬೇಕಾಗಿತ್ತು. ಆದರೆ ಕಣ್ಣ ಮುಂದೆ ಹೊನ್ನಾವರದ ಅತ್ತಿಗೆ ಬಂದು ನಿಂತರು. ಮೂರು ಸಲ ಸುಳ್ಳು ಹೇಳಿಕೆ ಕೊಟ್ಟು, ಹಾಡು ನಿಜವಾಗಿ ಬಂದ ದಿನ ಹೇಳದೆ ಹೋದರೆ ಈ ಜನ್ಮದಲ್ಲಿ ಅವರಿಗೆ ಮುಖ ತೋರಿಸುವಂತಿಲ್ಲ. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ಲು ಸಿಗುವುದಿಲ್ಲ. ಮೀನಿನ ಕೈಯಲ್ಲೇ ಫೋನು ಹಿಡಿದು ಅಂಗಳಕ್ಕೆ ಓಡಿದೆ. ಅತ್ತಿಗೆಗೆ ಹೇಳಿದೆ. ಜುಬೇದಾಳಿಗೆ ಹೇಳಿದೆ. ಬೇಲಿಯ ಈಚೆ ನಿಂತು ಓಣಿಯವರನ್ನೆಲ್ಲ ಕೂಗಿದೆ. ಒಂದು ಮನೆಯನ್ನೂ ಬಿಡಲಿಲ್ಲ. ಏದುಸಿರು ಬಿಡುತ್ತ ಒಳಗೆ ಬಂದಾಗ ಹೊದಿಕೆ ಎತ್ತಿಯಾಗಿತ್ತು, ಚೆಂಡು ಹಾಕುವವನು ಓಡಿಬರುತ್ತಿದ್ದ. "ಅಣ್ಣ ಸಂಕಕ್ಕೆ ಕಾಲಿಟ್ಟ, ಮಳೆ ನಿಂತ್ಬಿಡ್ತು ನೋಡು" ಎಂದರು ಮನೆಯವರು. ಮೂರೂ ಊರಿನವರು ನನ್ನ ಅಬ್ಬೆಯನ್ನು ಟೀವಿಯಲ್ಲಿ ನೋಡಿದರು, ನಾನೊಬ್ಬಳು ನೋಡಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದಲ್ಲ ಎನ್ನುತ್ತೀರಿ. ಹುಡುಕಿದ್ದೇನೆ. ಆ ದಿನದ್ದು ಎಂದು ಸಿಗುವುದೆಲ್ಲ ಬಿದ್ದ ವಿಕೆಟ್ಟುಗಳೇ.

ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಬ್ಬೆಗೂ ಒಳಗೊಳಗೆ ಕಸಿವಿಸಿ. ನನ್ನ ಅಳುವಿಗಾಗಿ ಅಲ್ಲ, ಹಾಡು ನಡು ಬಿಟ್ಟುಹೋಯಿತಲ್ಲ ಎಂದು. "ಅಳ್ಬೇಡ ಮಗಾ. ಉಳಿದದ್ದು ನಾ ಹೇಳ್ತೆ. ಈ ಓವರು ಮುಗೀಲಿ" ಎಂದಳು. ಓವರು ಮುಗಿದು ಸಾಬೂನಿನ ಜಾಹೀರಾತು ಬಂತು. ಅಬ್ಬೆ ಅದರ ಸದ್ದು ಸಣ್ಣಗೆ ಮಾಡಿಸಿ ಹಾಡು ಎತ್ತಿಕೊಂಡಳು. ಆ ಸಣ್ಣ, ಸ್ವಲ್ಪ ನಡುಗುವ ದನಿ ಕೇಳಿ ನನ್ನ ಮೈ ಝುಂ ಎಂದಿತು. ಅಣ್ಣ ಸಂಕದ ಮೇಲೆ ಒಂದು ಹೆಜ್ಜೆ ಇಟ್ಟ. ಜಾಹೀರಾತು ಮುಗಿಯಿತು, ಹಾಡೂ ನಿಂತಿತು. ಮುಂದಿನ ಓವರಿನ ಕೊನೆಗೆ ಇನ್ನೊಂದು ಹೆಜ್ಜೆ. ಹಾಡು ನಲ್ಲಿಯ ನೀರಲ್ಲ ಎಂದು ಚಾನೆಲ್ಲಿನವರ ಬೆವರಿಳಿಸಿದವಳು ಇವಳೇ.

ಆಗ ನನಗೆ ಹೊಳೆಯಿತು, ವಿಕೆಟ್ಟು ಬಿದ್ದರೆ ಜಾಹೀರಾತು ಉದ್ದ ಬರುತ್ತದೆ. ಹುಟ್ಟಿದ ಮೇಲೆ ಮೊದಲ ಸಲ ನಾನು ಮುಂದಕ್ಕೆ ಬಾಗಿ ಆಟ ನೋಡಿದೆ. ವಿಕೆಟ್ಟು ಬಿತ್ತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮನೆಯವರು ನನ್ನನ್ನು ಪರದೇಶದವಳನ್ನು ನೋಡುವಂತೆ ನೋಡಿದರು. "ಎಂತಾ ಹೆಣ್ಣೇ ನೀನು, ಔಟಾದದ್ದು ನಮ್ಮವ!" ಎಂದಳು ಅಬ್ಬೆ. ಆಮೇಲೆ ಎಷ್ಟು ಬೇಡಿದರೂ ಬಾಯಿ ಬಿಡಲಿಲ್ಲ. ನಮ್ಮವರು ಸೋತರು, ಅದಕ್ಕೂ ನಾನೇ ಕಾರಣವೆಂಬಂತೆ ಮುಖ ಮಾಡಿಕೊಂಡು ಹಿರೇಗುತ್ತಿಯ ಬಸ್ಸು ಹತ್ತಿದಳು.

ಬಸ್ಸು ಹೋದ ಮೇಲೆ ಮನೆಯವರು ನನ್ನನ್ನು ಸಮಾಧಾನ ಮಾಡಿದರು. ಮುಂದಿನ ಭಾನುವಾರವೂ ಆಟವಿದೆ, ಅತ್ತೆ ಬರದೆ ಇರುವುದಿಲ್ಲ ಎಂದರು. ಟೀವಿಯಲ್ಲಿ ಆಟಕ್ಕೆ ಇಷ್ಟೊಂದು ಹೊತ್ತು ಕೊಡಬಾರದು ಎಂದು ಇಷ್ಟು ದಿನ ಕಂಡಕಂಡವರ ಬಳಿ ವಾದಿಸಿದವಳು ನಾನು. ಕಣ್ಣೊರೆಸಿಕೊಂಡು ಕೇಳಿದೆ, "ಎಷ್ಟು ಓವರಿಂದು?"

"ಐವತ್ತು" ಎಂದರು.

ಜೀವಕ್ಕೆ ತುಸು ಸಮಾಧಾನವಾಯಿತು. ಇಪ್ಪತ್ತು ಓವರಿನಲ್ಲಿ ಅಣ್ಣ ಸಂಕ ದಾಟುವುದು ಕಷ್ಟ.