ಕಂಬದ ಮೇಲಿನ ಜರೀಗಿಡ

ಪಕ್ಷಿಗೂಡು ಜರೀಗಿಡವು ಮರದ ಕವಲಿನಲ್ಲಿ ಕೂತು, ಮೇಲಿಂದ ಉದುರುವ ಎಲೆಗಳನ್ನು ತನ್ನ ಬುಟ್ಟಿಯಂಥ ಒಡಲಲ್ಲಿ ಹಿಡಿದು, ಕೊಳೆಸಿ, ಉಂಡು ಬದುಕುವ ಸಸ್ಯವಾಗಿರುತ್ತದೆ. ನಮ್ಮ ಸಸ್ಯಪಾಲನಾ ಕಚೇರಿಯ ಆದೇಶದಂತೆ ಅದರ ಕೂದಲೂ ಕೊಂಕುವಂತಿಲ್ಲ. ಅದು ಕೂತ ಮರದ ಬಗ್ಗೆ ಆದೇಶದಲ್ಲಿ ಏನೂ ಇಲ್ಲ.

ಊರಿಗೆ ಊರೇ ಒಂದೇ ಸೂರಿನಡಿ ಬಾಳುವ ಸರವಾಕದ ನಮ್ಮ ಉದ್ದಮನೆಯ ಹಿಂದಿದ್ದ ತಾಪಾಂಗ್ ಮರ ಜೆಲಿಯಾ ಅಜ್ಜಿಯದು. ಹೆಜ್ಜೇನು ಕಟ್ಟುವ ಮರ; ಅಜ್ಜಿಯ ಅನ್ನ ಅದರಿಂದಲೇ. ನಮ್ಮ ಇಬಾನ ಜನರ ಕಟ್ಟಳೆಯಂತೆ ಅದಕ್ಕೆ ಕೊಡಲಿ ತಾಗಿಸಿದವನು ಹಂದಿ ದಂಡ ತೆರಬೇಕು. ಅದನ್ನು ಕಡಿಯಲು ಬಂದ ಮರದ ಕಂಟ್ರಾಕ್ಟರ್ ನಿಯಮಪಾಲಕ. ಹಂದಿಯನ್ನು ಮುಂಗಡವಾಗಿಯೇ ತಂದು ಕಟ್ಟಿದ. ನಾವು ಅಂದೇ ಉಂಡೆವು. ಚೆನ್ನಾಗಿತ್ತು.

“ನಿಮ್ಮ ಬಾಯಿಗೆ ಮಣ್ಣು ಹಾಕ! ನನ್ನ ಮರ ಕಣ್ರೋ ಅದು!” ಅಂದಳು ಅಜ್ಜಿ.

“ದಂಡ ತಿಂದಾಗಿದೆ ಜೆಲಿಯಾ,” ಅಂದರು ಮನೆಯ ಮುಖ್ಯಸ್ಥರು. “ಇನ್ನು ಅವನು ತಪ್ಪು ಮಾಡದಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?”

ಅಷ್ಟರಲ್ಲಿ ಕಚೇರಿಯ ಜುಲೈಹಿ ಸಾಹೇಬರು ಓಡಿಬಂದರು. “ನಿಲ್ಲಿಸಿ! ಮೇಲೆ ಜರೀಗಿಡಗಳಿವೆ!”

ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಸಾಹೇಬರು ಕೂಡಲೇ ಕಬ್ಬಿಣದ ಕಂಬಗಳನ್ನು ನೆಡಿಸಿ, ಜರೀಗಿಡಗಳನ್ನು ಅಷ್ಟೇ ಎತ್ತರಕ್ಕೆ ಏರಿಸಿ, ‘ಆವಾಸಸ್ಥಾನ ಯಥಾಸ್ಥಿತಿ’ ಎಂದು ಫಲಕ ಹಾಕಿಸಿದರು. ಆಮೇಲೆ ಮರ ಕಡಿಯಲಾಯಿತು.

ಕಂಬದಿಂದ ಎಲೆ ಉದುರದ ಕಾರಣ ಗಿಡಗಳು ಬಾಡಿದವು. ಎಲೆ ಸರಬರಾಜಿನ ಗುತ್ತಿಗೆ ಕಂಟ್ರಾಕ್ಟರನ ಭಾಮೈದನಿಗೆ ಸಿಕ್ಕಿತು. ಎಲೆಗಾಗಿ ಆತ ಹೊಳೆಯ ಆಚೆದಡದ ಕಾಡು ಕಡಿದ. ಅಲ್ಲೂ ಜರೀಗಿಡಗಳಿದ್ದವು. ಕಂಬಗಳು ಹೆಚ್ಚಿದವು. ಇದನ್ನು ಕಚೇರಿ ಅರಣ್ಯ ವಿಸ್ತರಣೆ ಎಂದು ಘೋಷಿಸಿತು.

ಜೇನು ಹೋದ ಅಜ್ಜಿಗೆ ಏಣಿ ಹತ್ತಿ ಗಿಡಗಳ ಮೇಲೆ ಎಲೆ ಉದುರಿಸುವ ಕೆಲಸ ಕೊಟ್ಟರು. ಜುಲೈಹಿ ಸಾಹೇಬರು ತಪಾಸಣೆಗೆ ಬಂದು ಕೇಳಿದರು: “ಅಜ್ಜೀ, ಕಾಡಿಗೆ ಏನಾದ್ರೂ ಕೊರತೆ ಇದೆಯಾ?”

“ನೆರಳಿಲ್ಲ ಸಾಹೇಬರೇ. ಜೇನೂ ಇಲ್ಲ.”

“ಜೇನು ನಮ್ಮ ವಿಭಾಗಕ್ಕೆ ಬರೋದಿಲ್ಲ. ನೆರಳಿಗೆ ಬರೀತೀನಿ.”

ನೆರಳು ಮಂಜೂರಾಯಿತು. ಪ್ರತಿ ಕಂಬಕ್ಕೂ ಒಂದು ಹಸಿರು ಛತ್ರಿ. ನಾವೆಲ್ಲ ಅದರಡಿ ಕೂತು ನೋಡಿದೆವು, ತಂಪಾಗಿಯೇ ಇದೆ. ಗಾಳಿಗೆ ಹಾರದಿರಲೆಂದು ಅಜ್ಜಿ ಸಂಜೆ ಅವನ್ನು ಮಡಚಿಟ್ಟು ಬರುತ್ತಾಳೆ.

“ಅಜ್ಜೀ, ಕಾಡು ಮುಚ್ಚಿದ್ಯಾ?” ಎಂದು ಜಗಲಿಯಿಂದ ಕೂಗುತ್ತೇವೆ.

“ಮುಚ್ಚಿದೆ ಕಣ್ರೋ,” ಅನ್ನುತ್ತಾಳೆ. “ಬೆಳಿಗ್ಗೆ ತೆಗೀತೀನಿ.”